ಯಾರಿಗೂ ಹೇಳ್ಬೇಡಿ ಅಂದ್ರಲ್ಲ, ಅಲ್ಲೇ ಇರೋದು ವಿಷ್ಯ

ನಿಮ್ಮ ಪತ್ರ ಓದಿ ನಿಜವಾಗ್ಲೂ ಹೊಟ್ಟೆ ಉರೀತು, ಅದಕ್ಕೇ ಮಿಕ್ಕ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೆ ಉತ್ತರ ಬರೀತಿದ್ದೀನಿ.

ಓದುಗರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಇವರು ಆರು ವರ್ಷದಿಂದ ರೂಮಲ್ಲೇ ಕೂತು ಸ್ವಂತ ಹಾಡು ಮಾಡ್ತಿದ್ದಾರೆ, ಟ್ಯೂನೂ ಇವರದೇ ದನಿಯೂ ಇವರದೇ. ಹೋದ ತಿಂಗಳು ಯಾವುದೋ ಪ್ರಮೋಷನ್ ಕಂಪನಿಯಿಂದ ಮೆಸೇಜ್ ಬಂದಿದೆ: ನಿಮ್ಮ ಹಾಡು ಕೇಳಿ ಬೆರಗಾದ್ವಿ, ಸ್ಪಾಟಿಫೈಲಿ (ಹಾಡು ಕೇಳೋ ಆ್ಯಪು) ಲಕ್ಷ ಸ್ಟ್ರೀಮ್, ಅಂದ್ರೆ ಲಕ್ಷ ಸಲ ಪ್ಲೇ ಆಗೋದು ಗ್ಯಾರಂಟಿ, ದೊಡ್ಡ ಪ್ಲೇಲಿಸ್ಟ್ ಗ್ಯಾರಂಟಿ, ಮೊದಲು ಫೀ ಕಟ್ಟಿ, ಭಾನುವಾರದೊಳಗೆ ಅಗ್ರಿಮೆಂಟಿಗೆ ಸೈನ್ ಮಾಡಿ ಅಂತ. ದುಡ್ಡು ನಾನು ಕೊಡ್ತೀನಿ ಅಂತ ಅಣ್ಣ ಬೇರೆ ಹೇಳಿದ್ದಾರೆ. ಕಟ್ಲಾ ಬೇಡ್ವಾ, ಇದು ಪ್ರಶ್ನೆ.

ಬೇಡ. ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ನೋಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ. ಮಿಕ್ಸಿಂಗ್ ಮಾಡೋರು, ಪಿಆರ್ ಮಾಡೋರು ಕೆಲ್ಸಕ್ಕೆ ಫೀ ತಗೋತಾರೆ, ಅದು ಸರಿ, ಆದ್ರೆ ಅವರು ಗ್ಯಾರಂಟಿನೂ ಕೊಡಲ್ಲ ನಿಮ್ಮ ಹಾಡಿನ ಹಕ್ಕನ್ನೂ ಕೇಳಲ್ಲ. ಈ ಕಂಪನಿಯೋರು ಎರಡನ್ನೂ ಮಾಡ್ತಿದ್ದಾರೆ. ಲಕ್ಷ ಸ್ಟ್ರೀಮ್ ಗ್ಯಾರಂಟಿ ಅಂದ್ರೆ ಬಾಟ್ ಬಿಟ್ಟು, ಅಂದ್ರೆ ಕೇಳುಗರ ಬದಲು ಕಂಪ್ಯೂಟರ್ ಪ್ರೋಗ್ರಾಮ್ ಬಿಟ್ಟು ಓಡಿಸೋದು ಅಷ್ಟೇ, 2024ರಿಂದ ಸ್ಪಾಟಿಫೈ ಅಂಥ ಕಳ್ಳ ಸ್ಟ್ರೀಮ್ ಜಾಸ್ತಿ ಇರೋ ಹಾಡಿಗೆ ಡಿಸ್ಟ್ರಿಬ್ಯೂಟರ್‌ಗೇ, ಅಂದ್ರೆ ನಿಮ್ಮ ಹಾಡನ್ನ ಆ್ಯಪಿಗೆ ತಲುಪಿಸೋ ಕಂಪನಿಗೇ ದಂಡ ಹಾಕುತ್ತೆ, ಅವರು ಸಿಟ್ಟಾಗಿ ನಿಮ್ಮ ಹಾಡನ್ನೇ ಕಿತ್ತು ಹಾಕಬಹುದು. ಇನ್ನು ಎಡಿಟೋರಿಯಲ್ ಪ್ಲೇಲಿಸ್ಟು, ಅಂದ್ರೆ ಸ್ಪಾಟಿಫೈಯವರೇ ಆರಿಸಿ ಮಾಡೋ ಹಾಡಿನ ಪಟ್ಟಿ, ಮಾರಾಟಕ್ಕೇ ಇಲ್ಲ, ಹಾಡು ಬಿಡುಗಡೆ ಆಗೋಕೆ ಮುಂಚೆ ನಿಮ್ಮ ಆರ್ಟಿಸ್ಟ್ ಅಕೌಂಟಿಂದ ನೀವೇ ಕಳಿಸಿ ಕೇಳಬಹುದು, ಪುಕ್ಕಟೆ.

ಆದ್ರೆ ನನ್ನ ಕಣ್ಣು ನಿಂತಿದ್ದು ಪತ್ರದ ಕೊನೇಲಿ, ಸುಮ್ನೆ ಹಂಗೇ ಬರೆದುಬಿಟ್ಟಿದ್ದೀರಲ್ಲ ಒಂದು ಸಾಲು, ಅಲ್ಲಿ: "ಡೀಲ್ ಆಗೋವರೆಗೂ ಯಾರಿಗೂ ಹೇಳಬೇಡಿ ಅಂದಿದ್ದಾರೆ, ಅದಕ್ಕೆ ಸಾಹಿತ್ಯ ಬರೆದ ಗೆಳತಿಗೂ ಹೇಳಿಲ್ಲ."

ಅಯ್ಯೋ, ಇದನ್ನ ಮೊದಲನೇ ಸಾಲಲ್ಲಿ ಬರೀಬೇಕಿತ್ತು ನೀವು. ಒಂದು ಹಾಡಲ್ಲಿ ಎರಡು ಆಸ್ತಿ ಇರುತ್ತೆ. ಸಾಹಿತ್ಯ, ಟ್ಯೂನ್ ಸೇರಿದ ರಚನೆ ಒಂದು, ರೆಕಾರ್ಡ್ ಆದ ಮಾಸ್ಟರ್ ಇನ್ನೊಂದು. ಸಾಹಿತ್ಯ ಬರೆದ ಗಳಿಗೆಯಿಂದಲೇ ಅವಳದು, ಕಾಪಿರೈಟ್ ಬಗ್ಗೆ ಇರೋ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕೆ ರಿಜಿಸ್ಟ್ರೇಷನ್ ಕೂಡ ಬೇಕಿಲ್ಲ. ನೀವು ಫೋಟೋ ತೆಗೆದು ಕಳಿಸಿದ ಅಗ್ರಿಮೆಂಟ್ ಪುಟದಲ್ಲಿ ಏನಿದೆ ನೋಡಿ: ಎಲ್ಲ ಹಕ್ಕೂ ನನ್ನೊಬ್ಬನದೇ, ಅದನ್ನ ಶಾಶ್ವತವಾಗಿ ಕಂಪನಿಗೆ ವರ್ಗಾಯಿಸ್ತಿದ್ದೀನಿ, ಮುಂದೆ ತಕರಾರು ಬಂದ್ರೆ ನಷ್ಟ ನಾನೇ ಭರಿಸ್ತೀನಿ. ಸೈನ್ ಹಾಕಿದ್ರೆ ನಿಮ್ಮದಲ್ಲದ್ದನ್ನ ನಿಮ್ಮದು ಅಂತ ಬರೆದುಕೊಟ್ಟಂಗೆ, ನಾಳೆ ಅವಳು ಕೇಳಿದ್ರೆ ಕಂಪನಿಯೋರು ಬೆರಳು ತೋರಿಸೋದು ನಿಮ್ಮ ಕಡೆಗೇ. ಮತ್ತೆ ಆ ಶಾಶ್ವತ ಅನ್ನೋ ಪದ, ಅದು ಬಾಡಿಗೆ ಅಲ್ಲ ಸ್ವಾಮಿ, ಕ್ರಯ. ಇಷ್ಟು ವರ್ಷ ಅಂತ ಲೈಸೆನ್ಸ್ ಕೊಟ್ರೆ ಅವಧಿ ಮುಗಿದ ಮೇಲೆ ಹಾಡು ವಾಪಸ್ ನಿಮ್ಮ ಕೈಗೆ ಬರುತ್ತೆ, ಶಾಶ್ವತವಾಗಿ ವರ್ಗಾವಣೆ ಮಾಡಿದ್ರೆ ಹೋಯ್ತು.

ನಿಮ್ಮಣ್ಣನ ಮೇಲೆ ನನಗೆ ಆ ಕಂಪನಿಯೋರಿಗಿಂತ ಜಾಸ್ತಿ ಸಿಟ್ಟು ಬಂದಿದೆ. ಆರು ವರ್ಷದಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ ಅಂತ ನೀವೇ ಬರೆದಿದ್ದೀರಿ, ಈಗ ಅಗ್ರಿಮೆಂಟೂ ಓದದೇ ಇಂಥ ಚಾನ್ಸ್ ಮತ್ತೆ ಬರಲ್ಲ ಅಂತ ತರಾತುರಿ ಮಾಡ್ತಿದ್ದಾರೆ. ಪ್ರೀತಿ ಇರಬಹುದು, ಇಲ್ಲ ಅನ್ನಲ್ಲ, ಆದ್ರೆ ಮೋಸಗಾರರಿಗೆ ಬೇಕಾಗಿದ್ದ ಅವಸರಾನ ಮನೆಯೊಳಗೆ ತಂದಿಟ್ಟೋರು ಅವರೇ. ನಿಮ್ಮ ಮೇಲೆ ಸಿಟ್ಟಿಲ್ಲ, ಆರು ವರ್ಷ ಯಾರೂ ಕೇಳದೇ ಇದ್ದಾಗ ಒಬ್ಬರು ಚೆನ್ನಾಗಿದೆ ಅಂದ್ರೆ ಮನಸ್ಸು ಕರಗದೇ ಇರುತ್ತಾ. ಆ ಗೆಳತಿ ಬಗ್ಗೆ ಮಾತ್ರ ತುಂಬಾ ಬೇಜಾರಾಯ್ತು.

ಮಾಡೋ ಕೆಲಸ ಒಂದೇ. ಭಾನುವಾರದವರೆಗೂ ಕಾಯಬೇಡಿ, ಇವತ್ತು ರಾತ್ರಿನೇ ಅಗ್ರಿಮೆಂಟ್ ಪೂರ್ತಿ ಅವಳಿಗೆ ಕಳಿಸಿ, ಫೋನ್ ಮಾಡಿ, ಹೇಳದೇ ಇದ್ದಿದ್ದು ತಪ್ಪಾಯ್ತು ಅನ್ನಿ. ಅವಳು ಬೈದ್ರೆ ಬೈಸಿಕೊಳ್ಳಿ.