ಬೆಳಗಿನ ಚಳಿಗೆ ಪಿಕಪ್ ನಡುಗುತ್ತದೆ, ನಾಜಲ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಕಾರಟಗಿ. ಎಂಟು ವರ್ಷದ ಡೀಸೆಲ್ ಪಿಕಪ್ ಇದೆ, ಸಿಆರ್‌ಡಿಐ (ಭಾರಿ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಇಂಜಿನ್), ನಾಲ್ಕು ಸಿಲಿಂಡರ್. ನಸುಕಿನಲ್ಲೇ ತರಕಾರಿ ತುಂಬಿಕೊಂಡು ಗಂಗಾವತಿಗೆ ಹೋಗುತ್ತೇನೆ. ಡಿಸೆಂಬರ್ ಬಂದಾಗಿನಿಂದ ಸ್ಟಾರ್ಟ್ ಆದ ಕೂಡಲೇ ಇಂಜಿನ್ ಗಡಗಡ ನಡುಗುತ್ತದೆ. ಬಿಳಿ ಹೊಗೆಗೆ ಕಣ್ಣು ಉರಿಯುತ್ತದೆ. ಎರಡು ಮೂರು ನಿಮಿಷಕ್ಕೆ ಎಲ್ಲ ಸರಿಹೋಗುತ್ತದೆ, ಆಮೇಲೆ ದಿನವಿಡೀ ತೊಂದರೆ ಇಲ್ಲ. ಗ್ಯಾರೇಜ್‌ನಲ್ಲಿ ನಾಲ್ಕೂ ನಾಜಲ್ ಬದಲಿಸಬೇಕು, ನಲವತ್ತು ಸಾವಿರ ಆಗುತ್ತದೆ ಅಂದರು. ಏನು ಮಾಡಲಿ?

ಉತ್ತರ: ಈಗಲೇ ನಾಜಲ್‌ಗೆ, ಅಂದರೆ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗಕ್ಕೆ, ದುಡ್ಡು ಹಾಕಬೇಡಿ. ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು "ಎರಡು ಮೂರು ನಿಮಿಷಕ್ಕೆ ಸರಿಹೋಗುತ್ತದೆ" ಅನ್ನೋ ಮಾತು. ನಾಜಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಇಂಜಿನ್ ಬಿಸಿಯಾದ ಮೇಲೂ ಏನಾದರೊಂದು ಗೊತ್ತಾಗುತ್ತದೆ. ಟಕಟಕ ಸದ್ದು, ಕಪ್ಪು ಹೊಗೆ, ಮೈಲೇಜ್ ಇಳಿಯೋದು. ನಿಮಗೆ ಇದ್ಯಾವುದೂ ಇಲ್ಲ ಅಲ್ವಾ?

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಸುಕಿನ ತಣ್ಣನೆ ಕಬ್ಬಿಣ ಆ ಬಿಸಿಯನ್ನು ಹೀರಿಬಿಡುತ್ತದೆ. ಆ ಕೊರತೆ ತುಂಬೋದು ಕರೆಂಟ್‌ನಿಂದ ಬಿಸಿಯಾಗುವ ಹೀಟರ್ ಪ್ಲಗ್. ಸಿಲಿಂಡರ್‌ಗೆ ಒಂದರಂತೆ ನಾಲ್ಕು ಇರುತ್ತವೆ. ಎಷ್ಟೋ ಗಾಡಿಗಳಲ್ಲಿ ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಇವು ಬಿಸಿಯಾಗುತ್ತಲೇ ಇರುತ್ತವೆ. ಒಂದೋ ಎರಡೋ ಸತ್ತಿದ್ದರೆ ಆ ಸಿಲಿಂಡರ್‌ನ ಡೀಸೆಲ್ ಸುಡದೆ ಹೊರಗೆ ಬರುತ್ತದೆ. ನಿಮ್ಮ ಕಣ್ಣು ಉರಿಸುವ ಬಿಳಿ ಹೊಗೆ ಅದೇ. ಇಂಜಿನ್ ತಾನೇ ಬಿಸಿಯಾದ ಮೇಲೆ ಪ್ಲಗ್ ಬೇಕಾಗಿಲ್ಲ, ನಡುಕವೂ ನಿಲ್ಲುತ್ತದೆ. ನನ್ನ ಅನುಮಾನ ಇದರ ಮೇಲೇ ಜಾಸ್ತಿ.

ಮೀಟರ್‌ನಲ್ಲಿ ಹಳದಿ ಸುರುಳಿ ಲೈಟ್ ಬಂದು ಹೋಗುತ್ತದೆ, ಹಾಗಾಗಿ ಪ್ಲಗ್ ಚೆನ್ನಾಗಿವೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಆ ಲೈಟ್ ಹೇಳೋದು ಕಾಯಿಸುವ ಹೊತ್ತು ಮುಗಿಯಿತು ಅಂತ ಅಷ್ಟೇ. ಪ್ಲಗ್ ನಿಜವಾಗಿ ಕಾದಿದೆಯಾ ಅನ್ನೋದು ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಗೊತ್ತೇ ಆಗಲ್ಲ. ಕೀ ಆಫ್ ಮಾಡಿ, ಪ್ಲಗ್‌ಗಳ ಮೇಲಿನ ಕನೆಕ್ಷನ್ ತೆಗೆದು, ಮಲ್ಟಿಮೀಟರ್‌ನ ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿಸಿ. ಚೆನ್ನಾಗಿರುವ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಸತ್ತದ್ದರಲ್ಲಿ ರೀಡಿಂಗೇ ಬರುವುದಿಲ್ಲ. ನಾಲ್ಕೂ ಚೆನ್ನಾಗಿದ್ದರೆ ಕನೆಕ್ಷನ್ ವಾಪಸ್ ಹಾಕಿ, ಕೀ ಆನ್ ಮಾಡಿದಾಗ ಅಲ್ಲಿಗೆ ಕರೆಂಟ್ ಬರುತ್ತದಾ ಅಂತ ನೋಡಿಸಿ. ಬರದಿದ್ದರೆ ತೊಂದರೆ ರಿಲೇಯಲ್ಲಿ (ಕರೆಂಟ್ ಬಿಡುವ ಸ್ವಿಚ್ಚಿನಂಥದ್ದು) ಅಥವಾ ಫ್ಯೂಸ್‌ನಲ್ಲಿ. ಪ್ಲಗ್ ಬಿಚ್ಚಿ ಬ್ಯಾಟರಿಗೆ ನೇರವಾಗಿ ಹಿಡಿದು ಕೆಂಪಾಗುತ್ತದಾ ಅಂತ ನೋಡುವ ಹಳೆಯ ಪದ್ಧತಿ ಬೇಡ. ಈಚಿನ ಕೆಲವು ಪ್ಲಗ್‌ಗಳು 12 ವೋಲ್ಟ್‌ನವಲ್ಲ, ಸುಟ್ಟುಹೋಗುತ್ತವೆ.

ಈಗ ನಿಜವಾದ ತೊಡಕಿಗೆ ಬರೋಣ. ನೀವು ಗ್ಯಾರೇಜ್ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತದೆ, ರೋಗ ಮಾಯ! ಮೆಕ್ಯಾನಿಕ್ ಊಹೆ ಮಾಡಬೇಕಾಗುತ್ತದೆ, ಊಹೆಯ ಬಿಲ್ ನಿಮ್ಮ ತಲೆಗೆ ಬರುತ್ತದೆ. ದಯವಿಟ್ಟು ಒಂದು ರಾತ್ರಿ ಗಾಡಿ ಅಲ್ಲೇ ಬಿಡಿ, ಬೆಳಗ್ಗೆ ಮೊದಲ ಸೆಲ್ಫ್ ಅವರೇ ಹೊಡೆಯಲಿ. ನಾನು ಒಮ್ಮೆ ಹೀಗೇ ಒಂದು ಗಾಡಿಯನ್ನು ರಾತ್ರಿ ನಿಲ್ಲಿಸಿಕೊಂಡಿದ್ದೆ. ಐದೂವರೆಗೆ ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಕಡೆಗೆ ಹೋಗುವ ನಾಲ್ಕೂ ಬಾಯಿಗಳ ಹತ್ತಿರ ಒದ್ದೆ ಬಟ್ಟೆ ಒತ್ತಿದೆ. ಮೂರು ಕಡೆ ನೀರು ಆವಿಯಾಗಿ ಆರಿತು. ಮೂರನೆಯ ಸಿಲಿಂಡರ್ ಹತ್ತಿರ ಹಾಗೇ ಒದ್ದೆ ನಿಂತಿತ್ತು, ಅಂದರೆ ಅಲ್ಲಿ ಡೀಸೆಲ್ ಸುಡುತ್ತಿರಲಿಲ್ಲ. ಆ ಸಿಲಿಂಡರ್‌ನ ಪ್ಲಗ್ ಸತ್ತಿತ್ತು, ಅಷ್ಟೇ.

ಬ್ಯಾಟರಿಯನ್ನೂ ಮರೆಯಬೇಡಿ. ಪೂರ್ತಿ ಚಾರ್ಜ್ ಇದ್ದರೆ ಸುಮ್ನೆ ನಿಂತಾಗ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದಣಿದಿದೆ. ಇಂಜಿನ್ ನಿಧಾನ ತಿರುಗಿದರೆ ಗಾಳಿ ಸಾಕಷ್ಟು ಬಿಸಿಯಾಗುವುದಿಲ್ಲ.

ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಗುರುತು ಬೇರೆ. ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಕೆಲವು ಸೆಕೆಂಡ್ ನೆಟ್ಟಗೆ ಓಡಿ, ಆಮೇಲೆ ತಡವರಿಸುತ್ತದೆ ಅಥವಾ ನಿಂತೇಬಿಡುತ್ತದೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದಕ್ಕೆ ಇಳಿದಿರುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಶುರುವಾಗಿದ್ದರೆ ಅದರ ವಾಷರ್, ಪೈಪ್ ಕ್ಲಿಪ್ ನೋಡಿಸಿ. ಫಿಲ್ಟರ್ ಕೆಳಗೆ ನಿಂತ ನೀರನ್ನೂ ಹೊರಗೆ ಹರಿಸಿಬಿಡಿ. ಇನ್ನು ಏರ್ ಫಿಲ್ಟರ್: ನಮ್ಮ ಭಾಗದಲ್ಲಿ ಭತ್ತದ ಸುಗ್ಗಿಯ ಹೊಟ್ಟು, ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ ನಿಜ. ಆದರೆ ಅದಕ್ಕೆ ಬರೋದು ಕಪ್ಪು ಹೊಗೆ, ಅದೂ ದಿನವಿಡೀ. ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ವಾಪಸ್ ಕಳಿಸುವ ಇಜಿಆರ್‌ನಲ್ಲಿ ಮಸಿ ತುಂಬಿದರೂ ಬಿಸಿಯಲ್ಲೂ ಕಾಟ ಕೊಡುತ್ತದೆ.

ಇಷ್ಟಾದರೂ ಸಿಗದಿದ್ದರೆ ಆಗ ನಾಜಲ್ ಮಾತು. ಆಗಲೂ ನಾಲ್ಕೂ ಬದಲಿಸಿ ಅಂದರೆ ಒಪ್ಪಬೇಡಿ, ಮೊದಲು ರಿಟರ್ನ್ ಟೆಸ್ಟ್ ಕೇಳಿ. ಪ್ರತಿ ನಾಜಲ್‌ನಿಂದ ವಾಪಸ್ ಬರುವ ಡೀಸೆಲ್ ಹಿಡಿಯೋಕೆ ನಾಲ್ಕು ಬಾಟಲಿ ಕಟ್ಟುತ್ತಾರೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ನಾಜಲ್ ಸೋರುತ್ತಿದೆ. ನಿಮ್ಮ ಕಣ್ಣೆದುರೇ ಮಾಡಿಸಿ. ಇಂಜಿನ್ ಓಡುವಾಗ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡೋದಕ್ಕೆ ಮಾತ್ರ ಯಾರಿಗೂ ಬಿಡಬೇಡಿ. ಹಳೆ ಪಂಪಿನ ಗಾಡಿಗಳಲ್ಲಿ ಹಾಗೆ ಮಾಡುತ್ತಿದ್ದರು. ಸಿಆರ್‌ಡಿಐ ಲೈನಿನ ಒತ್ತಡ 1,000 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ದಾಟಬಲ್ಲದು, ಸೂಜಿಯಷ್ಟು ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಬೆರಳೇ ಕಳೆದುಕೊಳ್ಳಬೇಕಾಗಬಹುದು.

ಪ್ಲಗ್ ಸತ್ತದ್ದು ಖಚಿತವಾದರೆ ನಾಲ್ಕೂ ಒಟ್ಟಿಗೆ ಬದಲಿಸಿ, ಒಂದು ಹೋದ ಮೇಲೆ ಉಳಿದವೂ ಹೆಚ್ಚು ದಿನ ಬರುವುದಿಲ್ಲ. ನಿಮ್ಮ ಇಂಜಿನ್ನಿಗೆ ಹೇಳಿದ ನಂಬರಿನದ್ದೇ ಹಾಕಿಸಿ. ಬಿಚ್ಚುವಾಗ ಇಂಜಿನ್ ಬೆಚ್ಚಗಿರಲಿ. ಬಿಗಿ ಇದ್ದರೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಬೇಕು, ಬಲ ಹಾಕಬಾರದು. ಪ್ಲಗ್ ಮುರಿದು ಹೆಡ್ಡಿನೊಳಗೆ (ಇಂಜಿನ್ನಿನ ಮೇಲ್ಭಾಗ) ಉಳಿದರೆ ಹೆಡ್ಡನ್ನೇ ಇಳಿಸಬೇಕಾಗಬಹುದು.