ರಾಜ ಬರೋವರೆಗೆ ಹಾರ್ಮೋನಿಯಂ

ಪ್ರಶ್ನೆ: ನಮ್ಮ ಕಂಪನಿ ನಾಟಕದವರ ಪಾಡು ನೋಡಿದ್ದೀವಿ. ಇಂಗ್ಲೆಂಡಿನ ನಾಟಕದ ನಟರು ಆರಾಮಾಗಿರಬೇಕು, ಅಲ್ವಾ?
– ಓದುಗರೊಬ್ಬರು, ಸೇಡಂ

ಉತ್ತರ: ಎಲ್ಲಿಯ ಆರಾಮು! ಅವರಲ್ಲಿ 'ರೆಸ್ಟಿಂಗ್' ಅಂತ ಒಂದು ಮಾತಿದೆ. ಕೈಯಲ್ಲಿ ಪಾತ್ರ ಇಲ್ಲ ಅನ್ನೋದನ್ನು ಮಾನ ಉಳಿಸಿಕೊಂಡು ಹೇಳೋದು ಹಾಗೆ. ಆಗ ಹೋಟೆಲಲ್ಲಿ ತಟ್ಟೆ ಎತ್ತುವವರೂ ಇದ್ದಾರೆ. ಕೆಲಸ ಸಿಕ್ಕರೆ ಮತ್ತೆ ಪುರುಸೊತ್ತಿಲ್ಲ. ಲಂಡನ್ನಿನ ದೊಡ್ಡ ಥಿಯೇಟರುಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 8 ಆಟ, ಸಂಜೆಯ ಆಟ ಆರು, ಮಧ್ಯಾಹ್ನದ ಆಟ ಎರಡು. ಹಿಂದೆ ಊರೂರಿನ ರೆಪರ್ಟರಿ ಕಂಪನಿಗಳಲ್ಲಿ ವಾರಕ್ಕೊಂದು ಹೊಸ ನಾಟಕ. ರಾತ್ರಿ ಈ ವಾರದ್ದು ಆಡಬೇಕು, ಹಗಲು ಮುಂದಿನ ವಾರದ್ದು ಬಾಯಿಪಾಠ ಮಾಡಬೇಕು.

1930ರಲ್ಲಿ ಶುರುವಾದ 'ಈಕ್ವಿಟಿ' ಅಂತ ಅವರದೊಂದು ಸಂಘ ಇದೆ. ಸಂಬಳದ ಮಾತು ಅದೇ ಆಡುತ್ತದೆ. ಒಂದೇ ಹೆಸರಿನ ಇಬ್ಬರು ಸದಸ್ಯರು ಇರಬಾರದು ಅಂತ ಬಹಳ ಕಾಲ ಅಲ್ಲಿ ನಿಯಮ ಇತ್ತು. ನಮ್ಮ ಕಡೆ ಆ ನಿಯಮ ತಂದಿದ್ದರೆ ಶರಣಪ್ಪಗಳೆಲ್ಲ ಎಲ್ಲಿಗೆ ಹೋಗಬೇಕಿತ್ತು?

ನನಗೆ ಇಷ್ಟವಾದವನು ಜೆಫ್ರಿ ಕೆಂಡಲ್. 1909ರಲ್ಲಿ ಕೆಂಡಲ್ ಅನ್ನೋ ಊರಲ್ಲಿ ಹುಟ್ಟಿದ, ಮನೆತನದ ಹೆಸರು ಬ್ರ್ಯಾಗ್. ಊರನ್ನೇ ಹೆಸರು ಮಾಡಿಕೊಂಡ, ನಮ್ಮ ಗುಬ್ಬಿ ವೀರಣ್ಣನವರ ಹಾಗೆ. 'ಶೇಕ್ಸ್‌ಪಿಯರಾನಾ' ಕಂಪನಿ ಕಟ್ಟಿ, ಹೆಂಡತಿ ಮಕ್ಕಳ ಸಮೇತ ಇಂಡಿಯಾದ ಶಾಲೆಗಳಲ್ಲಿ, ಅರಮನೆಗಳಲ್ಲಿ ನಾಟಕ ಆಡಿದ. ಚಿಕ್ಕ ಮಗಳು ಫೆಲಿಸಿಟಿ ರಂಗದ ಮೇಲೆ ಬಂದಾಗ ಒಂಬತ್ತು ತಿಂಗಳ ಕೂಸು. ದೊಡ್ಡವಳು ಜೆನಿಫರ್, ಅದೇ ಕಂಪನಿಯಲ್ಲಿ ಪಾರ್ಟು ಮಾಡ್ತಿದ್ದ ಶಶಿ ಕಪೂರನನ್ನು 1958ರಲ್ಲಿ ಮದುವೆಯಾದಳು. ಕಂಪನಿ ಮಕ್ಕಳ ಕಥೆ ಎಲ್ಲ ಕಡೆ ಒಂದೇ ನೋಡಿ.

ಪ್ರಶ್ನೆ: ಅವರ ನಾಟಕ ಸರಿಯಾದ ಟೈಮಿಗೆ ಶುರುವಾಗುತ್ತಾ?
– ಅದೇ ಓದುಗರು

ಉತ್ತರ: ಆಗುತ್ತೆ. 'ಹಾಫ್' ಅಂತ ಕೂಗುವ ಹೊತ್ತಿಗೆ ನಟ ಒಳಗಿರಲೇಬೇಕು. ಹಾಫ್ ಅಂದರೆ ಅರ್ಧ ಗಂಟೆ, ಆದರೆ ಕೂಗೋದು ಪರದೆ ಏಳೋಕೆ 35 ನಿಮಿಷ ಮುಂಚೆ! ಯಾಕಂದರೆ ಮೊದಲ ದೃಶ್ಯದವರು 5 ನಿಮಿಷ ಮುಂಚೆಯೇ ಜಾಗದಲ್ಲಿ ನಿಂತಿರಬೇಕು. ಲೆಕ್ಕ ಅಲ್ಲಿಂದ ಹಿಂದಕ್ಕೆ.

ನಮ್ಮಲ್ಲಿ ಮೂರನೇ ಬೆಲ್ಲೇ ಲೆಕ್ಕ. ನಾನು ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆಗಿದ್ದ ಕಾಲ, ಕಲಬುರಗಿ ಶರಣಬಸವೇಶ್ವರ ಜಾತ್ರೆ. ಬೆಲ್ ಹೊಡೆದಾಯ್ತು, ನಾಂದಿ ಮುಗೀತು, ರಾಜನೇ ಇಲ್ಲ. ಮಿರ್ಚಿ ಭಜಿ ತಿನ್ನೋಕೆ ಹೋಗಿದ್ದ. ನಾನು ಸೈಡ್ ವಿಂಗಿನಿಂದ ಹಾರ್ಮೋನಿಯಂ ಮಾಸ್ತರಿಗೆ 'ಎಳೀರಿ, ಎಳೀರಿ' ಅಂತ ಕೈಸನ್ನೆ ಮಾಡಿದೆ. ರಾಣಿ ಪಾರ್ಟಿನಾಕೆ ಎರಡು ನುಡಿಯ ಹಾಡನ್ನು ಹತ್ತು ನಿಮಿಷ ಹಾಡಿದಳು. ಅಷ್ಟರಲ್ಲಿ ರಾಜ ಓಡಿ ಬಂದ. ಎಣ್ಣೆ ಕೈಯನ್ನು ಪರದೆಗೆ ಒರೆಸಿಕೊಂಡು, ಕಿರೀಟ ಇಟ್ಟುಕೊಂಡು, ಇನ್ನೇನು ಕಾಲಿಡಬೇಕು, ಜನ 'ಒನ್ಸ್ ಮೋರ್' ಅಂದರು. ಮತ್ತೆ ಹತ್ತು ನಿಮಿಷ ಅವನು ನನ್ನ ಪಕ್ಕದಲ್ಲೇ ನಿಂತ, ಬಾಯಲ್ಲಿ ಇನ್ನೂ ಮೆಣಸಿನಕಾಯಿ ಖಾರ.