ಸಿಡ್ನಿಯ ಕ್ಯಾರೇಜ್‌ವರ್ಕ್ಸ್: ಯಾವ ದಿನ ಹೋಗಬೇಕು, ಏನು ನೋಡಬೇಕು?

ಸಿಡ್ನಿಯಲ್ಲಿ ಅರ್ಧ ದಿನ ಬಿಡುವಿದೆ, ಹಳೆಯ ರೈಲ್ವೆ ಕಾರ್ಖಾನೆಯೊಳಗಿರುವ ಕಲಾಕೇಂದ್ರ ಕ್ಯಾರೇಜ್‌ವರ್ಕ್ಸ್ ನೋಡಬೇಕು, ಯಾವ ದಿನ ಹೋದರೆ ಒಳ್ಳೆಯದು, ಟಿಕೆಟ್ ಬೇಕೆ ಎಂದು ಕೇಳಿದ್ದೀರಿ.

ಶನಿವಾರ ಬೆಳಿಗ್ಗೆ ಹೋಗಿ. ಕ್ಯಾರೇಜ್‌ವರ್ಕ್ಸ್ ಮ್ಯೂಸಿಯಂ ಅಲ್ಲ, ಸದಾ ನೋಡಲು ಸಿಗುವ ಸ್ವಂತ ಸಂಗ್ರಹ ಅಲ್ಲಿಲ್ಲ. ಒಂದು ಕಲಾಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ನಡುವಿನ ವಾರದಲ್ಲಿ ಹೋದರೆ ಬರಿಯ ಹಜಾರ ನೋಡಿಕೊಂಡು ಬರಬೇಕಾದೀತು. ಶನಿವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ರೈತರ ಸಂತೆ ನಡೆಯುತ್ತದೆ. ಸಂತೆ ಸೂರಿನಡಿ ನಡೆಯುವುದರಿಂದ ಮಳೆ ಬಂದರೂ ನಿಮ್ಮ ಬೆಳಗು ಹಾಳಾಗುವುದಿಲ್ಲ. ಒಂಬತ್ತರೊಳಗೆ ತಲುಪಿ, ಸಂತೆ ಸುತ್ತಿ, ತಿಂಡಿ ಮುಗಿಸಿ, ಗ್ಯಾಲರಿಗಳು ತೆರೆಯುತ್ತಿದ್ದಂತೆ ಒಳಗೆ ಹೋಗುವುದು ಸರಿಯಾದ ಕ್ರಮ. ಹನ್ನೆರಡೂವರೆಗೆ ಬಂದವರಿಗೆ ಮಳಿಗೆ ಕಟ್ಟಿಡುತ್ತಿರುವ ವ್ಯಾಪಾರಿಗಳಷ್ಟೇ ಕಾಣುತ್ತಾರೆ.

ಕಟ್ಟಡದೊಳಗೆ ಕಾಲಿಡಲು ಟಿಕೆಟ್ ಬೇಡ, ಹೆಚ್ಚಿನ ಕಲಾಪ್ರದರ್ಶನಗಳೂ ಉಚಿತ. ನಾಟಕ, ನೃತ್ಯ, ಸಂಗೀತಕ್ಕೆ ಬೇರೆ ಟಿಕೆಟ್. ಮೇ ತಿಂಗಳಿನಲ್ಲಿ ಮಾತ್ರ ಎಚ್ಚರ: ಇತ್ತೀಚಿನ ವರ್ಷಗಳಲ್ಲಿ ಫ್ಯಾಷನ್ ವೀಕ್, ಸಿಡ್ನಿ ರೈಟರ್ಸ್ ಫೆಸ್ಟಿವಲ್ ಎರಡೂ ಆ ತಿಂಗಳಲ್ಲೇ ಇಲ್ಲಿ ನಡೆದಿವೆ. ಸೆಪ್ಟೆಂಬರಿನಲ್ಲಿ ಸಿಡ್ನಿ ಕಾಂಟೆಂಪರರಿ ಎಂಬ ಕಲಾಮೇಳ ಇರುತ್ತದೆ, ಅದಕ್ಕೆ ಟಿಕೆಟ್ ಉಂಟು. ಇಂಥ ದೊಡ್ಡ ಕಾರ್ಯಕ್ರಮಗಳ ಹಿಂದುಮುಂದಿನ ದಿನಗಳಲ್ಲಿ ಸಜ್ಜುಗೊಳಿಸುವ ಕೆಲಸಕ್ಕಾಗಿ ಹಜಾರದ ಅರ್ಧ ಭಾಗ ಮುಚ್ಚಿರಬಹುದು. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಆ ದಿನದ ಪುಟ ನೋಡಿಕೊಳ್ಳಿ.

ತಲುಪಲು ರೈಲೇ ಮೇಲು. ವಿಳಾಸ 245, ವಿಲ್ಸನ್ ಸ್ಟ್ರೀಟ್, ಎವ್ಲೀ. ಮ್ಯಾಕ್ಡೊನಾಲ್ಡ್‌ಟೌನ್ ನಿಲ್ದಾಣ ಅತಿ ಹತ್ತಿರ, ನಡೆದರೆ ಐದು ನಿಮಿಷ. ಆದರೆ ಅಲ್ಲಿ ಕೆಲವೇ ಮಾರ್ಗದ ರೈಲುಗಳು ನಿಲ್ಲುತ್ತವೆ. ನಗರದ ಮುಖ್ಯ ನಿಲ್ದಾಣ ಸೆಂಟ್ರಲ್‌ನಿಂದ ಒಂದೇ ನಿಲ್ದಾಣದಾಚೆಯ ರೆಡ್‌ಫರ್ನ್‌ನಲ್ಲಿ ಬಹುತೇಕ ಎಲ್ಲ ಮಾರ್ಗದ ರೈಲುಗಳೂ ನಿಲ್ಲುತ್ತವೆ, ಅಲ್ಲಿಂದ ಹತ್ತು ನಿಮಿಷದ ನಡಿಗೆ. 2023ರಲ್ಲಿ ಅಲ್ಲಿ ಲಿಫ್ಟ್ ಇರುವ ಹೊಸ ಮೇಲ್ಸೇತುವೆ ಬಂದಿದೆ. ಅದರ ಲಿಟ್ಲ್ ಎವ್ಲೀ ಸ್ಟ್ರೀಟ್ ಕಡೆಗೆ ಇಳಿದು ನೇರ ನಡೆದರೆ ವಿಲ್ಸನ್ ಸ್ಟ್ರೀಟ್ ಸಿಗುತ್ತದೆ. ಕಟ್ಟಡ ರಸ್ತೆಗಿಂತ ಕೆಳಗೆ, ಹಳಿಗಳ ಮಟ್ಟದಲ್ಲಿದೆ. ಬೀದಿಯ ಎತ್ತರದಲ್ಲೇ ಹೆಬ್ಬಾಗಿಲು ಹುಡುಕುತ್ತಾ ಮುಂದೆ ಹೋಗಿಬಿಡಬೇಡಿ.

ಸಿಡ್ನಿಯ ರೈಲು, ಬಸ್ಸುಗಳಿಗೆ ಬಳಸುವ ಓಪಲ್ ಕಾರ್ಡ್ ಇಲ್ಲದಿದ್ದರೆ ನಿಮ್ಮ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಹತ್ತುವಾಗ ತಾಗಿಸಿದ ಕಾರ್ಡನ್ನೇ ಇಳಿಯುವಾಗಲೂ ತಾಗಿಸಬೇಕು. ಮರೆತರೆ ಅಥವಾ ಒಮ್ಮೆ ಫೋನು, ಇನ್ನೊಮ್ಮೆ ಕಾರ್ಡು ಎಂದು ಬದಲಿಸಿದರೆ ಎಲ್ಲಿ ಇಳಿದಿರೆಂದು ಯಂತ್ರಕ್ಕೆ ತಿಳಿಯದೆ ಗರಿಷ್ಠ ದರ ಕಡಿತವಾಗುತ್ತದೆ. ಶುಕ್ರ, ಶನಿ, ಭಾನುವಾರ ರೈಲು ದರದಲ್ಲಿ 30% ಇಳಿಕೆ ಇದೆ. ವಿಮಾನ ನಿಲ್ದಾಣದಿಂದ ನೇರ ಬರುವುದಾದರೆ ಅಲ್ಲಿನ ರೈಲು ನಿಲ್ದಾಣ ಬಳಸಿದ್ದಕ್ಕೆ ಪ್ರತ್ಯೇಕ ಶುಲ್ಕ ಸೇರುತ್ತದೆ. ವಾರಾಂತ್ಯದ ಇನ್ನೊಂದು ತೊಡಕು ಹಳಿ ದುರಸ್ತಿ. ಆ ದಿನ ಕೆಲವು ಮಾರ್ಗಗಳಲ್ಲಿ ರೈಲಿನ ಬದಲು ಬಸ್ ಓಡುತ್ತದೆ, ಸಮಯ ದುಪ್ಪಟ್ಟಾಗಬಹುದು. ಹಿಂದಿನ ರಾತ್ರಿಯೇ ಸಾರಿಗೆ ಇಲಾಖೆಯ ಜಾಲತಾಣದ ಟ್ರಿಪ್ ಪ್ಲಾನರ್‌ನಲ್ಲಿ ನೋಡಿಕೊಂಡರೆ ಆಯಿತು.

ಒಳಗೆ ಹೋದಮೇಲೆ ಕಲೆಯ ಜೊತೆಗೆ ಕಟ್ಟಡವನ್ನೂ ನೋಡಿ ಎಂಬುದು ನನ್ನ ಒತ್ತಾಯ. 1880ರ ದಶಕದಲ್ಲಿ ಕಟ್ಟಿದ ಈ ಕಟ್ಟಡಗಳ ಸಾಲಿನಲ್ಲಿ ನ್ಯೂ ಸೌತ್ ವೇಲ್ಸ್ ರೈಲ್ವೆಯ ಬೋಗಿಗಳನ್ನು ತಯಾರಿಸಿ ದುರಸ್ತಿ ಮಾಡುತ್ತಿದ್ದರು. 1980ರ ದಶಕದ ಕೊನೆಗೆ ಕೆಲಸ ನಿಂತಿತು, 2007ರಲ್ಲಿ ಕಲಾಕೇಂದ್ರವಾಗಿ ಬಾಗಿಲು ತೆರೆಯಿತು. ನೆಲದಲ್ಲಿ ಹಳಿಗಳು ಹಾಗೇ ಇವೆ, ಎರಕದ ಕಬ್ಬಿಣದ ಕಂಬಗಳೂ ಇವೆ. ಮಗುವಿನ ತಳ್ಳುಗಾಡಿಯ ಸಣ್ಣ ಚಕ್ರ, ಚೂಪು ಹಿಮ್ಮಡಿಯ ಚಪ್ಪಲಿ ಹಳಿಯ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಹಳಿಗಳನ್ನು ಅಡ್ಡಡ್ಡ ದಾಟಿ, ಅವುಗಳ ಗುಂಟ ತಳ್ಳಬೇಡಿ. ರಂಗಮಂದಿರಗಳನ್ನು ಹಳೆಯ ಇಟ್ಟಿಗೆ ಗೋಡೆಗಳೊಳಗೆ ಕಾಂಕ್ರೀಟಿನ ಬೇರೆ ಪೆಟ್ಟಿಗೆಗಳ ಹಾಗೆ ಕೂರಿಸಿದ್ದಾರೆ. ಪಕ್ಕದಲ್ಲೇ ದಿನವಿಡೀ ರೈಲು ಓಡುವ ಜಾಗದಲ್ಲಿ ಮೆಲುದನಿಯ ಮಾತೂ ಕೊನೆಯ ಸಾಲಿಗೆ ಕೇಳಬೇಕಾದರೆ ಸದ್ದು ತಡೆಯುವ ಗೋಡೆ ಬೇಕೇ ಬೇಕು. ಹಳೆಯದಕ್ಕೆ ಬಣ್ಣ ಬಳಿದು ಹೊಸದರಂತೆ ಮಾಡದೆ, ಹೊಸದನ್ನು ಹೊಸದಾಗಿಯೇ ಬಿಟ್ಟಿರುವುದು ನನಗೆ ಇಲ್ಲಿ ಬಹಳ ಹಿಡಿಸುವ ಸಂಗತಿ.

ಹೆಚ್ಚಿನವರು ತಪ್ಪಿಸಿಕೊಳ್ಳುವುದು ಈ ಕಾರ್ಖಾನೆಯ ಇನ್ನರ್ಧವನ್ನು. ಉತ್ತರಕ್ಕೆ ಬೋಗಿ, ದಕ್ಷಿಣಕ್ಕೆ ಇಂಜಿನ್, ನಡುವೆ ಮುಖ್ಯ ಹಳಿಗಳು: ಎವ್ಲೀ ವರ್ಕ್‌ಶಾಪ್ ಇದ್ದದ್ದು ಹೀಗೆ. ಕಾರ್ಖಾನೆಯ ಅಂಕಣಗಳ (ಇಂಗ್ಲಿಷಿನಲ್ಲಿ ‘ಬೇ’) ಸಂಖ್ಯೆಯೂ ಹಳಿ ದಾಟಿ ಮುಂದುವರಿಯುತ್ತದೆ. 1ರಿಂದ 15 ದಕ್ಷಿಣದಲ್ಲಿವೆ. ಹಾಗಾಗಿಯೇ ಉತ್ತರದ ರಂಗಮಂದಿರಗಳಿಗೆ ಬೇ 17, ಬೇ 20 ಎಂಬ ಹೆಸರು. 1917ರ ಆಗಸ್ಟ್‌ನಲ್ಲಿ ಆರಂಭವಾದ ಮಹಾಮುಷ್ಕರದ ಮೂಲ ಇಲ್ಲಿನ ಮತ್ತು ರ‍್ಯಾಂಡ್ವಿಕ್ ಟ್ರಾಮ್ ಕಾರ್ಖಾನೆಯ ಕಾರ್ಮಿಕರು. ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯಿತೆಂದು ಕಾರ್ಡಿನಲ್ಲಿ ಬರೆದಿಡುವ ಪದ್ಧತಿಯನ್ನು ಅವರು ವಿರೋಧಿಸಿದ್ದರು. ಸಿಡ್ನಿಯ ಅಬೊರಿಜಿನಲ್ (ಮೂಲನಿವಾಸಿ) ಜನರಿಗೆ ಹೆಚ್ಚಾಗಿ ಕೆಲಸ ಕೊಟ್ಟ ಜಾಗಗಳಲ್ಲೂ ಇದು ಒಂದು. ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಗಡಿಗಲ್ ಜನರದ್ದು.

ನಕ್ಷೆಯಲ್ಲಿ ಎರಡೂ ಬದಿ ಅಕ್ಕಪಕ್ಕ ಕಂಡರೂ ನಡುವೆ ನೇರ ದಾಟಲಾಗದು, ರೆಡ್‌ಫರ್ನ್‌ವರೆಗೆ ಹಿಂದಿರುಗಬೇಕು. ಲಾಸನ್ ಸ್ಟ್ರೀಟ್ ಸೇತುವೆ ದಾಟಿ, ಗಿಬ್ಬನ್ಸ್, ಮೇರಿಯನ್, ಕಾರ್ನ್‌ವಾಲಿಸ್ ಸ್ಟ್ರೀಟ್‌ಗಳ ಮೂಲಕ ಲೋಕೊಮೋಟಿವ್ ಸ್ಟ್ರೀಟ್‌ಗೆ ಬನ್ನಿ. ಈ ದಾರಿಯಿಂದ ಲಾಭವೂ ಇದೆ: ಸೇತುವೆಯ ಗೋಡೆಯ ಮೇಲೆ, ನಿಲ್ದಾಣದ ಎದುರಿಗೆ, 1983ರಲ್ಲಿ ಕ್ಯಾರೊಲ್ ರಫ್ ಮುಂದಾಳತ್ವದಲ್ಲಿ ಬರೆದ ಅಬೊರಿಜಿನಲ್ ಇತಿಹಾಸದ ಭಿತ್ತಿಚಿತ್ರ ಇದೆ. ದಕ್ಷಿಣದ ಇಂಜಿನ್ ಕಾರ್ಖಾನೆಯಲ್ಲಿ ಈಗ ಅಂಗಡಿ, ಕಚೇರಿಗಳಿವೆ. ಆದರೂ 1 ಮತ್ತು 2ನೇ ಅಂಕಣದ ಕಮ್ಮಾರಸಾಲೆಯ ಯಂತ್ರಗಳನ್ನು ಉಳಿಸಿಕೊಂಡಿದ್ದಾರೆ. ಅಲ್ಲಿನ ಡೇವಿ ಪ್ರೆಸ್ ಎಂಬ ಭಾರಿ ಒತ್ತುಯಂತ್ರದ ಎದುರು ನಿಂತರೆ ಕಾದ ಉಕ್ಕನ್ನು ಒತ್ತಿ ಬಗ್ಗಿಸಲು ಎಂಥ ಬಲ ಬೇಕಾಗುತ್ತಿತ್ತೆಂದು ಮನವರಿಕೆಯಾಗುತ್ತದೆ. ವಿವರಣೆ ಫಲಕಗಳನ್ನು ಅವಸರಪಡದೆ ಓದಿ.

ಉತ್ತರದಲ್ಲಿ ಎರಡು ಗಂಟೆ, ನಡಿಗೆಗೆ ಇಪ್ಪತ್ತು ನಿಮಿಷ, ದಕ್ಷಿಣದಲ್ಲಿ ಒಂದು ಗಂಟೆ: ನಿಮ್ಮ ಅರ್ಧ ದಿನಕ್ಕೆ ಇದು ಸರಿಹೋಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಅಷ್ಟೆತ್ತರದ ಮಾಡಿನ ಕೆಳಗೆ ಹೊರಗಿನಷ್ಟೇ ತಣ್ಣಗಿರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ. ಕಾರು ತರಬೇಡಿ. ಅಕ್ಕಪಕ್ಕದ ಬೀದಿಗಳಲ್ಲಿ ನಿಲುಗಡೆಗೆ ಕಾಲಮಿತಿ ಇದೆ, ಸಂತೆಯ ಹೊತ್ತಿಗೆ ಜಾಗವೂ ಸಿಗುವುದಿಲ್ಲ. ಸಂಜೆ ಪ್ರದರ್ಶನಕ್ಕೆ ಟಿಕೆಟ್ ತೆಗೆದುಕೊಂಡಿದ್ದರೆ ಇಪ್ಪತ್ತು ನಿಮಿಷ ಮೊದಲೇ ಬಾಗಿಲ ಬಳಿ ಇರಿ. ಶುರುವಾದಮೇಲೆ ಬಂದವರನ್ನು ಎಷ್ಟೋ ಪ್ರದರ್ಶನಗಳಲ್ಲಿ ಒಳಗೆ ಬಿಡುವುದಿಲ್ಲ.